ಮಕ್ಕಳಿಗೆ ಟೈಮ್ ಸಿಗ್ನೇಚರ್ ಓದೋದನ್ನ ಶುರುವಲ್ಲೇ ಕಲಿಸ್ಬೇಕಾ?

ಪರ: ಬೇಕೇ ಬೇಕು, ಮೊದಲ ತಿಂಗಳಿಂದ್ಲೇ

ಟೈಮ್ ಸಿಗ್ನೇಚರ್ ಅಂದ್ರೆ ಸಂಗೀತದ ಹಾಳೆಯ ಶುರುವಲ್ಲಿ ಬರೆದಿರೋ 3/4, 6/8 ಥರದ ಗುರುತು, ಒಂದು ಬಾರಲ್ಲಿ, ಅಂದ್ರೆ ಗೆರೆ ಎಳೆದು ಮಾಡಿರೋ ಒಂದು ಭಾಗದಲ್ಲಿ, ಯಾವ ನೋಟು ಎಷ್ಟು ಅಂತ ಹೇಳತ್ತೆ. ಶಿರಸೀಲಿ ಕೀಬೋರ್ಡ್ ಕಲಿಸ್ತೀನಿ, ಹೊಸದಾಗಿ ಬಂದ ಮಕ್ಕಳಿಗೆಲ್ಲ ಕೇಳೋದು ಇದನ್ನೇ: 3/4ಕ್ಕೂ 6/8ಕ್ಕೂ ಒಂದು ಬಾರಲ್ಲಿ ಹಿಡಿಯೋದು ಆರೇ ಏಯ್ಟ್ತ್ ನೋಟು (ಕ್ವಾರ್ಟರ್ ನೋಟಿನ ಅರ್ಧ), ಮತ್ತೆ ಎರಡೂ ಬೇರೆ ಯಾಕೆ? 3/4 ಅಂದ್ರೆ ಎರಡೆರಡರ ಮೂರು ಗುಂಪು. 6/8 ಅಂದ್ರೆ ಮೂರ್ಮೂರರ ಎರಡು ಗುಂಪು, ಒತ್ತು ಬೀಳೋದು ಒಂದನೇದಕ್ಕೆ, ನಾಲ್ಕನೇದಕ್ಕೆ. ನೋಟುಗಳನ್ನ ಜೋಡಿಸಿರೋ ಗೆರೆ ನೋಡಿದ್ರೇ ಗೊತ್ತಾಗತ್ತೆ, ಓದೋಕೆ ಬರ್ಬೇಕು ಅಷ್ಟೇ.

ಕಾರವಾರದಲ್ಲಿ ಒಂದು ಕ್ರಿಸ್‌ಮಸ್ ಪ್ರೋಗ್ರಾಮಿಗೆ ನುಡಿಸೋಕೆ ಹೋಗಿದ್ದೆ, ಕ್ವಾಯರ್ ಜೊತೆ ತಬಲಾನೂ ಇತ್ತು, ಹಾಡು 6/8, ತಬಲಾದವ್ರು ಆರು ಮಾತ್ರೆಯ (ಮಾತ್ರೆ ಅಂದ್ರೆ ತಾಳದ ಒಂದು ಎಣಿಕೆ) ದಾದ್ರಾ ತಾಳ ಹಿಡಿದ್ರು, 3+3 ಚೆನ್ನಾಗೇ ಕೂರತ್ತೆ. ಸ್ಪೀಡ್ ಎಷ್ಟು ಅಂದ್ರೆ ಕ್ವಾಯರ್ ಮಾಸ್ಟರು 60 ಅಂದ್ರು. ತಬಲಾದವ್ರು ಮೆಟ್ರೊನೋಮ್ (ಒಂದೇ ಸಮ ಕ್ಲಿಕ್ ಮಾಡೋ ಯಂತ್ರ) ನಿಮಿಷಕ್ಕೆ 60ಕ್ಕಿಟ್ಟು ಕ್ಲಿಕ್ಕಿಗೊಂದು ಮಾತ್ರೆ ಹಾಕಿದ್ರು, ಮಾಸ್ಟರ್ ಲೆಕ್ಕದಲ್ಲಿ ಕ್ಲಿಕ್ಕಿಗೆ ಮೂರು, ಅಂದ್ರೆ ನಿಮಿಷಕ್ಕೆ 180 ಮಾತ್ರೆ ಬೇಕಿತ್ತು. ಹಾಡು ಮೂರು ಪಟ್ಟು ನಿಧಾನ ಆಗಿ ಹಾಡೋರಿಗೆ ಉಸಿರೇ ಸಾಲ್ತಿಲ್ಲ, ಇಬ್ರೂ ನಾನು ಹೇಳಿದ್ದೇ ಸರಿ ಅಂತಾರೆ, ಇಬ್ರದ್ದೂ 60 ನಿಜಾನೇ, ಕೊನೆಗೆ ಹಾಳೆ ತೆಗೆದು ಮೇಲ್ಗಡೆ ಚುಕ್ಕಿ ಇಟ್ಟ ಕ್ವಾರ್ಟರ್ ನೋಟ್ = 60 (ಅಂದ್ರೆ ಮೂರು ಏಯ್ಟ್ತ್ ನೋಟಿಗೆ ಒಂದು ಕ್ಲಿಕ್) ಅಂತ ಪ್ರಿಂಟಾಗಿದ್ದನ್ನ ತೋರಿಸಿದ್ಮೇಲೆ ಅಲ್ಲಿಗೆ ಮುಗೀತು. ಆ ಚುಕ್ಕಿ ಓದೋಕೆ ಬಂದಿದ್ರೆ ರಿಹರ್ಸಲ್ ಅರ್ಧ ಸಂಜೆ ಹಾಳಾಗ್ತಿರ್ಲಿಲ್ಲ.

ಓದೋಕೆ ಕಲಿಸಿದ್ರೆ ಮಕ್ಕಳು ಮಷೀನ್ ಆಗ್ತಾರೆ ಅನ್ನೋರಿದಾರೆ. ಹಿಂದೂಸ್ತಾನಿ ಸಂಗೀತಕ್ಕೆ ಬರಹದ ಪದ್ಧತಿ ಮಾಡಿದ ಭಾತಖಂಡೆಯವ್ರು ಸಮ್‌ಗೆ (ತಾಳದ ಮೊದಲ ಮಾತ್ರೆ) ಗುಣಿಸು ಗುರುತು, ಖಾಲಿಗೆ (ಒತ್ತಿಲ್ಲದೆ ಕೈ ಬೀಸೋ ಜಾಗ) ಸೊನ್ನೆ, ಒಂದೇ ಮಾತ್ರೆಯ ಸ್ವರಗಳಿಗೆ ಕೆಳಗೊಂದು ಕಮಾನು ಹಾಕಿ ಬರೆದಿಟ್ರಲ್ಲ, ಅದ್ರಿಂದ ಹಿಂದೂಸ್ತಾನಿ ಸತ್ತೋಯ್ತಾ? ಓದ್ಲಿ. ಮೊದಲ ತಿಂಗಳಿಂದ್ಲೇ ಓದ್ಲಿ.

ವಿರೋಧ: ಮೊದಲು ಕೈಗೆ ಬರ್ಲಿ

ಈ ಕಡೆ ಬರೀರಿ ಅಂದ್ರು, ಬರೀತಿದೀನಿ. ನೊಟೇಶನ್ನೇ ಬೇಡ ಅನ್ನೋನಲ್ಲ ನಾನು, ಶುರುವಲ್ಲೇ ಬೇಡ ಅಂತೀನಿ.

ಹೊನ್ನಾವರ ಕಡೆ ಯಕ್ಷಗಾನದ ಆಟ ನೋಡ್ತಾ ಬೆಳೆದ ಹುಡುಗ್ರು ಝಂಪೆ ತಾಳಕ್ಕೆ 10, ತ್ರಿವುಡೆ ತಾಳಕ್ಕೆ 7 ಅಂತ ಅಕ್ಷರ (ತಾಳದ ಎಣಿಕೆ) ಬರೆದು ಎಣಿಸಿದವ್ರಲ್ಲ, ಆದ್ರೂ ಮುಕ್ತಾಯ (ನುಡಿತ ಮುಗಿಸೋ ಪೆಟ್ಟು) ಎಲ್ಲಿ ಬೀಳತ್ತೆ ಅಂತ ಅವ್ರ ಕಾಲಿಗೆ ಗೊತ್ತಿರತ್ತೆ. ಹಾಳೆ ಎಲ್ಲಾನೂ ಹೇಳಲ್ಲ. ಹಿಂದೂಸ್ತಾನಿಯ ರೂಪಕ್ ತಾಳಕ್ಕೆ 7 ಮಾತ್ರೆ, 3+2+2, ಶುರುವಾಗೋದೇ ಖಾಲಿಯಿಂದ. ಅದನ್ನ 7/8 ಅಂತ ಬರೆದುಕೊಟ್ರೆ ಬಾರಿನ ಮೊದಲ ಬೀಟಿಗೆ ಒತ್ತು ಅಂತ ಕಲ್ತ ಮಗು ಅಲ್ಲೇ ಜೋರಾಗಿ ಕುಟ್ಟತ್ತೆ. ಜಾಝ್‌ನ ಸ್ವಿಂಗಲ್ಲೂ ಹಾಗೇ, ಸಮನಾಗಿ ಬರೆದಿರೋ ಎರಡು ನೋಟನ್ನ ಉದ್ದ-ಗಿಡ್ಡ ಮಾಡಿ ನುಡಿಸ್ತಾರೆ, ಅದನ್ನ ಕೇಳೇ ಕಲೀಬೇಕು.

ಮೊದಲು ಕಾಲಲ್ಲಿ ಒಂದೇ ಸಮ ಬೀಟ್ ಹಾಕ್ಸಿ, ಅದೇ ಬೀಟಿನ ಒಳಗೆ ಬಾಯಲ್ಲಿ ಒಂದ್ಸಲ ತಕಿಟ (ಮೂರು), ಒಂದ್ಸಲ ತಕಧಿಮಿ (ನಾಲ್ಕು) ಹೇಳಿಸಿ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಕಾಲು ಓಡದೇ ನಿಂತ್ರೆ ಆಮೇಲೆ ಹಾಳೆ ಕೊಡಿ.