ಹಾಸ್ಟೆಲ್‌ನಲ್ಲಿ ಹಾಸಿಗೆಗಿಂತ ಮೊದಲು ಮೇಜು ನೋಡಿ

ಬೆಂಗಳೂರಿನಲ್ಲಿ ಹದಿನೈದು ದಿನವೋ ಒಂದು ತಿಂಗಳೋ ಇದ್ದು, ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡಿಕೊಂಡು ಹೋಗೋಣ ಅಂತ ಬರುವವರು ಆ್ಯಪ್ ತೆಗೆದ ಕೂಡಲೇ ನೋಡುವುದು ಬೆಡ್ಡಿನ ರೇಟು. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳ ದಿನಚರಿ ಇರುವುದೇ ಬೆಳಿಗ್ಗೆ ಹೊರಟು ರಾತ್ರಿ ಮಲಗಲು ಬರುವ ಪ್ರವಾಸಿಗಳಿಗಾಗಿ. ಹಗಲಿಡೀ ಒಳಗೇ ಕೂತು ದುಡಿಯುವವರಿಗೆ ಆಗುವ ಕಿರಿಕಿರಿಯಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹುಟ್ಟುತ್ತದೆ. ಎಷ್ಟೋ ಕಡೆ ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಡಾರ್ಮ್‌ನ (ಹಲವರು ಒಟ್ಟಿಗೆ ಮಲಗುವ ಕೋಣೆಯ) ಎಸಿ ಆಫ್ ಮಾಡುತ್ತಾರೆ. ಚೆಕ್‌ಔಟ್ ಮುಗಿದ ಮೇಲೆ ಗುಡಿಸುವುದು, ಒರೆಸುವುದು, ಬೆಡ್‌ಶೀಟ್ ಬದಲಿಸುವುದು. ಸಂಜೆಯಾದರೆ ಹಾಲ್‌ನಲ್ಲಿ ಹಾಡು, ಆಟ.

ಈಗ ನಿಮ್ಮ ಗಡಿಯಾರ ನೋಡಿ. ಲಂಡನ್ನಿನ ಆಫೀಸು ಬೆಳಿಗ್ಗೆ 9ಕ್ಕೆ ಮೀಟಿಂಗ್ ಇಟ್ಟರೆ ಇಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30, ಹೇಗೋ ನಡೆಯುತ್ತದೆ. ಕ್ಯಾಲಿಫೋರ್ನಿಯಾದವರು 9ಕ್ಕೆ ಕರೆದರೆ ಇಲ್ಲಿ ರಾತ್ರಿ 9.30, ಚಳಿಗಾಲದಲ್ಲಿ 10.30. ಹಾಲ್‌ನಲ್ಲಿ ಗಲಾಟೆ, ಡಾರ್ಮ್‌ನಲ್ಲಿ ಮಲಗಿದವರು. ಹಾಗಾಗಿ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ: ‘ರಾತ್ರಿ ಹತ್ತರ ಮೇಲೆ ಬಾಗಿಲು ಹಾಕಿಕೊಂಡು ಮಾತಾಡೋಕೆ ಜಾಗ ಇದೆಯಾ?’ ‘ವರ್ಕ್ ಸ್ಪೇಸ್ ಇದೆ ಸರ್’ ಅನ್ನುವ ಉತ್ತರ ಸಾಲದು. ಬೆನ್ನು ಆನಿಸುವ ಕುರ್ಚಿ, ಊಟದ ಮೇಜಿನಷ್ಟು ಎತ್ತರದ ಮೇಜು, ಪಕ್ಕದಲ್ಲೇ ಪ್ಲಗ್ ಪಾಯಿಂಟ್, ಇವು ಮೂರೂ ಕಾಣುವ ಫೋಟೋ ಕೇಳಿ. ಬೀನ್ ಬ್ಯಾಗ್ ಮೇಲೆ ಎರಡು ಗಂಟೆ ಟೈಪ್ ಮಾಡಿದರೆ ಕತ್ತು ಹಿಡಿದುಕೊಳ್ಳುತ್ತದೆ.

ವೈಫೈ ವಿಷಯದಲ್ಲಿ ‘100 ಎಂಬಿಪಿಎಸ್’ ಎಂಬ ಬೋರ್ಡ್ ನಂಬಬೇಡಿ. ಒಳ್ಳೆಯ ಗುಣಮಟ್ಟದ ಒಂದು ವಿಡಿಯೊ ಕಾಲ್‌ಗೆ ಹೋಗಲು (ಅಪ್‌ಲೋಡ್), ಬರಲು (ಡೌನ್‌ಲೋಡ್) ತಲಾ 4 ಎಂಬಿಪಿಎಸ್ ಇದ್ದರೆ ಸಾಕು. ಕಾಲ್ ಕೆಡುವುದು ಹೆಚ್ಚಾಗಿ ಅಪ್‌ಲೋಡ್ ತುಂಬಿಕೊಂಡಾಗ. ಯಾರದೋ ಫೋನು ಟ್ರಿಪ್ಪಿನ ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಏರಿಸತೊಡಗಿದರೆ ಅಗ್ಗದ ರೂಟರ್‌ನಲ್ಲಿ ಡೇಟಾ ಸರದಿಯಲ್ಲಿ ಕಾಯುತ್ತ ನಿಲ್ಲುತ್ತದೆ. 20 ಮಿಲಿಸೆಕೆಂಡ್ ಇದ್ದ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) 300 ದಾಟುತ್ತದೆ, ನಿಮ್ಮ ದನಿ ತುಂಡು ತುಂಡಾಗಿ ಕೇಳುತ್ತದೆ. ಆದ್ದರಿಂದ ಸ್ಪೀಡ್ ಟೆಸ್ಟ್ ಅನ್ನು ರಾತ್ರಿ ಒಂಬತ್ತಕ್ಕೆ, ನೀವು ಕೂರುವ ಜಾಗದಲ್ಲೇ ಮಾಡಿ, ಅಪ್‌ಲೋಡ್ ಮತ್ತು ಪಿಂಗ್ ನೋಡಿ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅದರಲ್ಲೇ ಇರುತ್ತವೆ. ಐದು ಮೀಟರ್ ಲ್ಯಾನ್ ಕೇಬಲ್, ಜೊತೆಗೆ ಅದನ್ನು ಲ್ಯಾಪ್‌ಟಾಪ್‌ಗೆ ಸೇರಿಸಲು ಒಂದು ಯುಎಸ್‌ಬಿ ಅಡಾಪ್ಟರ್ ಬ್ಯಾಗಿನಲ್ಲಿರಲಿ. ರಿಸೆಪ್ಷನ್‌ನವರನ್ನು ಕೇಳಿಯೇ ರೂಟರ್‌ಗೆ ಚುಚ್ಚಿ. ಫೋನಿನಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಇದ್ದರೆ ಹಾಟ್‌ಸ್ಪಾಟ್ ಕೈಕೊಡುವುದು ಕಡಿಮೆ.

ಕರೆಂಟು ಇನ್ನೊಂದು ಕಥೆ. ಏಪ್ರಿಲ್-ಮೇ ಸಂಜೆ ಮಳೆಗೆ ಕೊಂಬೆ ಮುರಿದು ತಂತಿ ಮೇಲೆ ಬಿತ್ತು ಅಂದರೆ ಕರೆಂಟು ಗಂಟೆಗಟ್ಟಲೆ ಬರದಿರಬಹುದು. ‘ಇನ್ವರ್ಟರ್ ಇದೆ’ ಅನ್ನುತ್ತಾರೆ. ಲೈಟು, ಫ್ಯಾನು ತಿರುಗುತ್ತವೆ, ಆದರೆ ಎಷ್ಟೋ ಕಡೆ ರೂಟರ್ ಇನ್ವರ್ಟರ್ ಲೈನಿಗೆ ಸೇರಿರುವುದಿಲ್ಲ. ಇದನ್ನು ಬಿಡಿಸಿ ಕೇಳಿ. ರೂಟರ್‌ಗೆಂದೇ ಬರುವ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ತಿಂಗಳುಗಟ್ಟಲೆ ಅತಿಥಿಗಳನ್ನು ಇಟ್ಟುಕೊಳ್ಳುವ ಹಾಸ್ಟೆಲ್ ಅದನ್ನು ಹಾಕಿಸದಿರುವುದಕ್ಕೆ ಯಾವ ನೆಪವೂ ಇಲ್ಲ. ಬೆಸ್ಕಾಂಗೆ (ಬೆಂಗಳೂರಿನ ವಿದ್ಯುತ್ ಕಂಪನಿಗೆ) ದೂರು ಕೊಡಲು 1912. ಇನ್ನು, 6 ಆ್ಯಂಪಿನ ಎಕ್ಸ್‌ಟೆನ್ಷನ್ ಬೋರ್ಡ್ ತಡೆಯುವುದು ಸುಮಾರು 1,400 ವ್ಯಾಟ್. 65 ವ್ಯಾಟಿನ ಲ್ಯಾಪ್‌ಟಾಪ್‌ಗಳು ನಾಲ್ಕೈದಿದ್ದರೂ ಚಿಂತೆಯಿಲ್ಲ, ಅದೇ ಬೋರ್ಡಿಗೆ 1,500 ವ್ಯಾಟಿನ ಕೆಟಲ್ ಹಾಕಬೇಡಿ.

ಬಿಸಿನೀರು ಸೋಲಾರ್‌ದಾದರೆ ಬೆಳಿಗ್ಗೆ ಎಂಟರೊಳಗೆ ಖಾಲಿ. ಜುಲೈ-ಆಗಸ್ಟಿನ ಮೋಡಕ್ಕೆ ಬಿಸಿಯೇ ಆಗಿರುವುದಿಲ್ಲ. ಗೀಸರ್ ಇದೆಯೇ ಕೇಳಿ. ರೂಮಿಗೆ ಹೋದ ತಕ್ಷಣ ಬ್ಯಾಗನ್ನು ಹಾಸಿಗೆ ಮೇಲೆ ಇಡದೆ, ಹಾಸಿಗೆಯ ಹೊಲಿಗೆ ಅಂಚನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆ. ಬೆಡ್ ಬದಲಿಸಿದರೆ ಸಾಲದು, ರೂಮೇ ಬದಲಾಗಬೇಕು.

ಏರಿಯಾ ಬಗ್ಗೆ ಒಂದು ಮಾತು. ಇಂದಿರಾನಗರ, ಕೋರಮಂಗಲ ಅಂತ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಶುಕ್ರವಾರ, ಶನಿವಾರ ಅಲ್ಲಿ ರೇಟೂ ಏರುತ್ತದೆ, ಪಬ್ ಸದ್ದೂ ಏರುತ್ತದೆ. ನನಗೆ ಕೇಳಿದರೆ ಮೆಟ್ರೊಗೆ ನಡೆದು ಹೋಗುವಷ್ಟು ಹತ್ತಿರವಿರುವ ಮನೆಗಳ ಬೀದಿಯೇ ಮೇಲು. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ, ಜಯನಗರದ ಕಡೆ ಉಳಿದುಕೊಂಡು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಒಮ್ಮೆ ಮುಖ ತೋರಿಸಿ ಬರುವುದು ಕಷ್ಟವಲ್ಲ.

ಬೆಂಗಳೂರಿನದೇ ವಿಳಾಸದ ಆಧಾರ್ ಇದ್ದರೆ ಬೆಡ್ ಕೊಡದ ಹಾಸ್ಟೆಲ್‌ಗಳಿವೆ. ನನಗಿದು ಸರಿ ಕಾಣುವುದಿಲ್ಲ, ಮನೆಯಲ್ಲಿ ಕೂತು ಕೆಲಸ ಮಾಡಲಾಗದ ಊರಿನವರೂ ಇರುತ್ತಾರೆ. ದುಡ್ಡು ಕಟ್ಟುವ ಮುಂಚೆ ಕೇಳಿಕೊಳ್ಳಿ, ವಾಪಸ್ ಬರದ ಬುಕಿಂಗ್ ಆದರೆ ಹಣ ಹೋಯಿತೆಂದೇ ಲೆಕ್ಕ.

ಖರ್ಚನ್ನು ಹೀಗೆ ಹಾಕಿ. ಬೆಡ್‌ಗೆ ದಿನಕ್ಕೆ 600 ರೂಪಾಯಿ ಅಂದುಕೊಂಡರೆ ತಿಂಗಳಿಗೆ 18,000. ಮಾತಾಡಲು ಜಾಗವಿಲ್ಲದೆ ದಿನವೂ ಕೆಫೆಗೆ 250 ಕೊಟ್ಟರೆ ಇನ್ನೂ 7,500. ಒಟ್ಟು 25,500, ಊಟ ಬೇರೆ. ದಿನಕ್ಕೆ 800 ರೂಪಾಯಿಗೆ ಮೇಜು, ಬಾಗಿಲು ಎರಡೂ ಇರುವ ಹಾಸ್ಟೆಲ್ ಇದಕ್ಕಿಂತ ಅಗ್ಗ. ಮೂರು ವಾರ ದಾಟುವುದಾದರೆ ಊಟ ಸೇರಿದ ಪಿಜಿಯ ಸಿಂಗಲ್ ರೂಮನ್ನೂ ವಿಚಾರಿಸಿ, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಬರೆಸಿಕೊಂಡು.

ಮೊದಲಿಗೆ ಎರಡೇ ರಾತ್ರಿ ಬುಕ್ ಮಾಡಿ, ಭಾನುವಾರ ಮಧ್ಯಾಹ್ನ ಬನ್ನಿ. ವಾರಾಂತ್ಯದ ಗುಂಪು ಖಾಲಿಯಾಗಿ ಗೋಡೆ ಬದಿಯ ಕೆಳಗಿನ ಬೆಡ್ ಸಿಗುವ ಸಾಧ್ಯತೆ ಹೆಚ್ಚು. ಸೋಮವಾರ ಒಂದಿಡೀ ದಿನ ಕೆಲಸ ಮಾಡಿ ನೋಡಿ, ಒಪ್ಪಿಗೆಯಾದರೆ ವಾರದ ರೇಟನ್ನು ರಿಸೆಪ್ಷನ್‌ನಲ್ಲೇ ನೇರವಾಗಿ ಮಾತಾಡಿಕೊಳ್ಳಿ.