ಶೇಕರ್ ಹಿಡಿದ ಮೈದುನ

ನಮ್ಮ ಮೈದುನನಿಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ತಪ್ಪಿಹೋಯಿತು. ಅದಕ್ಕೆ ಜಾತಕ ಕಾರಣ ಅಲ್ಲ. ಸಂಬಳವೂ ಅಲ್ಲ, ತಲೆಗೂದಲೂ ಅಲ್ಲ. ಒಂದು ಪ್ಲಾಸ್ಟಿಕ್ ಶೇಕರ್ ಕಾರಣ.

ಅವನನ್ನು ಮನೆಯಲ್ಲಿ ಎಲ್ಲರೂ ಪುಟ್ಟ ಅನ್ನುತ್ತಾರೆ. ಆರಡಿ ಎತ್ತರ ಇದ್ದಾನೆ. ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. ಮೀಟಿಂಗುಗಳೆಲ್ಲ ಅಮೆರಿಕದವರಿಗೆ ಬೆಳಗಾದಾಗ, ಅಂದರೆ ಸರಿಯಾಗಿ ನಮ್ಮ ರಾತ್ರಿ ಊಟದ ಹೊತ್ತಿಗೆ. ಒಂದು ಸಲ ಅತ್ತೆ ಕೆಳಗಿನಿಂದ "ಪುಟ್ಟಾ, ಸಾರು ಆರಿಹೋಗ್ತಿದೆ ಕಣೋ!" ಎಂದು ಕೂಗಿದ್ದು ಅಲ್ಲಿಯ ಮ್ಯಾನೇಜರಿಗೂ ಕೇಳಿಸಿತು. ಯಾರಿಗೆ ಏನಾಯಿತು ಎಂದು ಆತ ಗಾಬರಿಯಿಂದ ವಿಚಾರಿಸಿದನಂತೆ. ಆವತ್ತೇ ಪುಟ್ಟನಿಗೆ ಜ್ಞಾನೋದಯವಾಯಿತು. ಕೆಲವೇ ದಿನಕ್ಕೆ ಕೊರಿಯರ್‌ನಲ್ಲಿ ಪುಡಿ ಬಂತು.

ನೀರಿಗೆ ಹಾಕಿ ಕುಲುಕಿ ಕುಡಿದರೆ ಒಂದು ಊಟ ಮುಗಿದ ಹಾಗೆ. 400 ಕ್ಯಾಲೊರಿ, 20 ಗ್ರಾಂ ಪ್ರೋಟೀನು, ಇಂಗ್ಲಿಷ್ ಅಕ್ಷರಮಾಲೆಯ ಅರ್ಧದಷ್ಟು ವಿಟಮಿನ್ನು. ಓಟ್ಸು, ಬಟಾಣಿ ಪ್ರೋಟೀನು, ಅಗಸೆಬೀಜ ಎಲ್ಲ ಅದರೊಳಗೇ ಇವೆ. ವಾಸನೆ ಮಾತ್ರ ಐಸ್‌ಕ್ರೀಮಿನದು.

ಪುಟ್ಟ ನಮ್ಮನ್ನೆಲ್ಲ ಕೂರಿಸಿಕೊಂಡು ಇತಿಹಾಸ ಹೇಳಿದ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬ್ ರೈನ್‌ಹಾರ್ಟ್ ಎಂಬ ಎಂಜಿನಿಯರ್ ಹುಡುಗನಿಗೆ ಊಟ ಅನ್ನೋದೇ ಸಮಯಕ್ಕೂ ದುಡ್ಡಿಗೂ ದಂಡ ಅನ್ನಿಸಿತಂತೆ. ದೇಹಕ್ಕೆ ಬೇಕಾದ್ದನ್ನೆಲ್ಲ ಪುಡಿ ರೂಪದಲ್ಲಿ ತರಿಸಿ, ಕಲಸಿ, 30 ದಿನ ಕುಡಿದನಂತೆ. ಅದಕ್ಕೆ ಸಾಯ್ಲೆಂಟ್ ಎಂದು ಹೆಸರಿಟ್ಟ. ಜನರ ಮುಂದೆ ಇಟ್ಟಾಗ ಹತ್ತು ಲಕ್ಷ ಡಾಲರಿಗೂ ಮೀರಿ ದುಡ್ಡು ಬಂತು. 2015ರಲ್ಲಿ ಇಂಗ್ಲೆಂಡಿನವರು ಹ್ಯೂಲ್ ಅಂತ ಇನ್ನೊಂದನ್ನು ತಂದರು.

ಅತ್ತೆ ಪೂರ್ತಿ ಕೇಳಿ, "ಪಾಪ, ಆ ಹುಡುಗ ಮನೆ ಬಿಟ್ಟು ದೂರ ಇದ್ದ ಅಂತ ಕಾಣುತ್ತೆ. ಮಾಡಿ ಹಾಕೋರು ಯಾರೂ ಇರಲಿಲ್ವೇನೋ" ಅಂದರು. ಪುಟ್ಟನ ಭಾಷಣ ಅಲ್ಲಿಗೆ ಮುಗಿಯಿತು.

ನನಗಂತೂ ಒಳಗೊಳಗೇ ಖುಷಿ. ಪುಟ್ಟ ಚಪಾತಿಗೆ ಕೂತರೆ ಲಟ್ಟಣಿಗೆ ಕೆಳಗಿಡುವ ಹಾಗಿಲ್ಲ. ಈಗ ಅವನ ಲೆಕ್ಕದ ಹಿಟ್ಟು ಉಳಿಯಿತು, ತೊಳೆಯೋಕೆ ಒಂದೇ ಲೋಟ. ಊಟ ಅಂದರೆ ಸಂಸ್ಕೃತಿ, ಊಟ ಅಂದರೆ ಸಂಬಂಧ ಅಂತೆಲ್ಲ ಉದ್ದುದ್ದ ಮಾತಾಡುವವರು ಬಹುಪಾಲು ಒಲೆಯ ಮುಂದೆ ನಿಲ್ಲದವರು. ನಿಲ್ಲುವವರಿಗೆ "ನಾಳೆ ತಿಂಡಿಗೇನು?" ಅನ್ನುವ ಪ್ರಶ್ನೆಯ ಭಾರ ಗೊತ್ತು. ಅತ್ತೆಗೂ ಗೊತ್ತು. ಆದರೆ ಅವರು ಒಪ್ಪಿಕೊಳ್ಳುವುದಿಲ್ಲ.

ತೊಂದರೆ ಶುರುವಾಗಿದ್ದು ಹೊರಗಿನಿಂದ. ನಮ್ಮ ಕಡೆ ಬರೀ ನೀರುನೀರಾಗಿ ಕುಡಿದುಕೊಂಡಿರುವವನು ಒಂದೋ ವ್ರತ ಹಿಡಿದಿರಬೇಕು, ಇಲ್ಲ ಹಾಸಿಗೆ ಹಿಡಿದಿರಬೇಕು. ಪುಟ್ಟನಿಗೆ ವ್ರತ ಹಿಡಿಯುವ ವಯಸ್ಸಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಪುಟ್ಟನಿಗೆ ಜಾಂಡೀಸಾ?" ಎಂದು ಪಿಸುಗುಟ್ಟಿದರು. ಸಂಜೆಗೆ ಮೆಣಸಿನ ಸಾರು ಬಂತು. ಮಾರನೇ ದಿನ ನನ್ನ ಓರಗಿತ್ತಿಯ ತವರಿನವರು ನೋಡೋಕೆ ಬಂದರು. ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ. ಆಮೇಲೆ ಬಂದವರ ಕೈಯಲ್ಲೂ ಹಾರ್ಲಿಕ್ಸೇ. ಪುಡಿ ಕುಡಿಯುವವನಿಗೆ ಇನ್ನಷ್ಟು ಪುಡಿ!

ಹಾರ್ಲಿಕ್ಸ್ ಬಾಟಲಿಗಳ ಸಾಲು ನೋಡಿ ಎದುರುಮನೆ ರಾಯರು ನಕ್ಕರು. ಅವರು ಸಿಎಫ್‌ಟಿಆರ್‌ಐನಲ್ಲಿದ್ದು ನಿವೃತ್ತರಾದವರು. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾಲಯ ಇದೆಯಲ್ಲ, ಅದೇ. "ನಿನ್ನ ಅಮೆರಿಕದ ಹುಡುಗ ಹುಟ್ಟೋಕೆ ಮೊದಲೇ ಇದನ್ನೆಲ್ಲ ಮಾಡಿದ್ದಾರೆ ಕಣಯ್ಯಾ" ಎಂದು ಪುಟ್ಟನಿಗೆ ಹೇಳಿದರು. "ಈ ಹಾರ್ಲಿಕ್ಸ್ ಕಂಪನಿಯೇ 1873ರದ್ದು. ಇಂಗ್ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಅಮೆರಿಕಕ್ಕೆ ಹೋಗಿ ಶುರು ಮಾಡಿದ್ದು, ಕೂಸುಗಳಿಗೂ ಕಾಯಿಲೆಯವರಿಗೂ ಅಂತ. ನಮ್ಮ ಸಂಸ್ಥೆಯಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು ಸೇರಿಸಿ, ಮೇಲೆ ವಿಟಮಿನ್ನು, ಸುಣ್ಣದಂಶ ಹಾಕಿ ಮಲ್ಟಿಪರ್ಪಸ್ ಫುಡ್ ಅಂತ ಮಾಡಿದ್ದರು. ಅದು ಊಟ ಸಿಗದ ಮಕ್ಕಳಿಗೆ. ನಿನಗೆ ಕೆಳಗೆ ಹುಳಿ ಕುದೀತಿದೆ."

ಅತ್ತೆ ಒಳಗಿನಿಂದಲೇ, "ಅಷ್ಟೆಲ್ಲ ಯಾಕೆ, ರಾಗಿ ಹುರಿಹಿಟ್ಟು ಇಲ್ವಾ? ಮಜ್ಜಿಗೆಗೆ ಕಲಸಿ ಕುಡಿದು ಹೊಲಕ್ಕೆ ಹೋಗೋರು. ಅದಕ್ಕೆ ಯಾರೂ ಡಾಲರ್ ಕೊಡಲಿಲ್ಲ" ಅಂದರು.

ಆ ಪುಡಿಯ ಪೊಟ್ಟಣಕ್ಕೆ ಇರುವೆ ಬರುತ್ತಿತ್ತು. ಪುಟ್ಟ ಅದನ್ನು ಅಡುಗೆಮನೆಯ ಸ್ಟೀಲ್ ಡಬ್ಬಕ್ಕೆ ಸುರಿದಿಟ್ಟ. ಯಾರಿಗೂ ಹೇಳಲಿಲ್ಲ. ಜೋರು ಮಳೆ ಬಂದ ಒಂದು ಸಂಜೆ ಮಾವನ ಸ್ನೇಹಿತರು ಬಂದಿದ್ದರು. ಕರೆಂಟ್ ಹೋಗಿತ್ತು. ನೆಗಡಿಯಾಗಿ ಮೂಗು ಕಟ್ಟಿದ್ದ ಅತ್ತೆ ಮೇಣದಬತ್ತಿ ಬೆಳಕಿನಲ್ಲಿ ಡಬ್ಬ ತೆಗೆದರು, ಈರುಳ್ಳಿ ಹೆಚ್ಚಿದರು, ಖಾರದಪುಡಿ, ಇಂಗು, ಓಮ ಹಾಕಿ ಹಿಟ್ಟು ಕಲಸಿದರು. ಎಣ್ಣೆಗೆ ಬಿಟ್ಟ ತಕ್ಷಣ ಬಜ್ಜಿ ಕಪ್ಪಾಗತೊಡಗಿತು. "ಈ ಸಲದ ಕಡಲೆಹಿಟ್ಟೇ ಸರಿಯಿಲ್ಲ" ಎಂದು ಅಂಗಡಿಯವನಿಗೆ ಬೈಯುತ್ತಲೇ ಕರಿದು ಮುಗಿಸಿದರು. ಇಂಗಿನ ಜೊತೆ ವೆನಿಲ್ಲಾ ಪರಿಮಳ ಹಜಾರಕ್ಕೆಲ್ಲ ಹರಡಿತು. ಬಂದವರು ಮರ್ಯಾದಸ್ಥರು. ಒಬ್ಬರು, "ಏನೋ ಹೊಸ ರುಚಿ ಇದೆ, ಮಂಗಳೂರು ಕಡೇದಾ?" ಅಂದರು. ಮಾವ ತಟ್ಟೆಪೂರ್ತಿ ತಿಂದರು. ಮಾರನೇ ದಿನ ಮಧ್ಯಾಹ್ನದವರೆಗೂ ಹಸಿವಾಗಲಿಲ್ಲ ಅಂದರು. "ನಿನ್ನ ಪುಡಿ ಕೆಲಸ ಮಾಡುತ್ತೆ ಕಣೋ" ಎಂದು ಮಗನಿಗೆ ಸರ್ಟಿಫಿಕೇಟನ್ನೂ ಕೊಟ್ಟರು. ಒಂದು ಬಜ್ಜಿಗೆ ಎಷ್ಟು ಬಿತ್ತು ಎಂದು ಪುಟ್ಟ ಫೋನಿನಲ್ಲಿ ಲೆಕ್ಕ ಹಾಕಿದ. ಮೊತ್ತ ಹೇಳಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಷ್ಟೇ ಆಗಿದ್ದರೆ ನಗುವ ವಿಷಯ. ನಿಜವಾದ ಗಲಾಟೆ ಆದದ್ದು ದೊಡ್ಡಪ್ಪನವರ ಮನೆಯ ಗೃಹಪ್ರವೇಶದಲ್ಲಿ.

ಮಾವನಿಗೂ ಅವರ ಅಣ್ಣನಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಕಾರಣ ಅವರ ಅಮ್ಮನ ಬೆಳ್ಳಿ ಪಂಚಪಾತ್ರೆ. ಅದು ಈಗ ಯಾರ ಮನೆಯಲ್ಲಿದೆ ಅನ್ನುವುದೇ ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಆದರೂ ದೊಡ್ಡಪ್ಪ ಈ ಸಲ ತಾವೇ ಫೋನ್ ಮಾಡಿ ಕರೆದಿದ್ದರು. ಎಲ್ಲರೂ ಹೊರಟೆವು. ಪುಟ್ಟ ಕಾರಿನಲ್ಲೇ ಶೇಕರ್ ಮುಗಿಸಿ, ತನ್ನ ಊಟ ಆಯಿತು, ಹೊರಗೇ ಇರುತ್ತೇನೆ ಅಂದ. ನಮ್ಮ ಯಜಮಾನರು ಬಿಡಲಿಲ್ಲ. "ಪಂಕ್ತಿಗೆ ಕೂರದಿದ್ದರೆ ತಪ್ಪು ತಿಳೀತಾರೆ. ಸುಮ್ನೆ ಎಲೆ ಮುಂದೆ ಕೂತ್ಕೋ" ಅಂದರು.

ಎಲೆ ಮುಂದೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. ಉಪ್ಪು ಬಂತು, ತಡೆಯೋಕೆ ಆಗಲಿಲ್ಲ. ಕೋಸಂಬರಿಗೆ ಬೇಡ ಅಂದ. ಪಲ್ಯಕ್ಕೆ ಬೇಡ. ಗೊಜ್ಜಿಗೆ, ಚಿತ್ರಾನ್ನಕ್ಕೆ, ತೊವ್ವೆಗೆ ಬೇಡ. ಆಚೀಚೆ ಎರಡು ತುಂಬಿದ ಎಲೆ, ನಡುವೆ ಇವನದು ಬರೀ ಉಪ್ಪಿನ ಎಲೆ. ಬಡಿಸುವವರ ಮುಖ್ಯಸ್ಥ ದೂರದಿಂದ ನೋಡಿ ಹೌಹಾರಿ, "ಏಯ್, ಆ ಎಲೆ ಬಿಟ್ಟಿದೀರಲ್ರೋ!" ಎಂದು ಕೂಗಿದ. ಕೋಸಂಬರಿಯವನು ಓಡಿ ಬಂದ. ಪಲ್ಯದವನು ಬಂದ. ಎಲ್ಲ ಮೊದಲಿನಿಂದ. ಅಷ್ಟರಲ್ಲಿ ಇಡೀ ಪಂಕ್ತಿಯ ಕಣ್ಣು ಪುಟ್ಟನ ಮೇಲೆ.

ಆಗ ಹೋಳಿಗೆ ಬಂತು. ತಂದವರು ಬಡಿಸುವ ಹುಡುಗರಲ್ಲ, ಖುದ್ದು ದೊಡ್ಡಪ್ಪ. ಹೆಗಲ ಮೇಲೆ ಶಲ್ಯ, ಕೈಯಲ್ಲಿ ತಟ್ಟೆ, ಹಿಂದೆ ತುಪ್ಪದ ಗಿಂಡಿ ಹಿಡಿದ ದೊಡ್ಡಮ್ಮ. ತಮ್ಮನ ಎಲೆಗೆ ನೇರವಾಗಿ ಬಡಿಸೋಕೆ ಸಂಕೋಚ. ಅದಕ್ಕೇ ತಮ್ಮನ ಮಗನಿಂದ ಶುರು ಮಾಡಿದರು. ಅಲ್ಲಿದ್ದ ಹೆಂಗಸರಿಗೆಲ್ಲ ಅರ್ಥವಾಯಿತು. ಪುಟ್ಟ ಹೋಳಿಗೆ ಹಾಕಿಸಿಕೊಂಡರೆ, ಮುಂದಿನದು ಅವರಪ್ಪನ ಎಲೆಗೆ. ತಮ್ಮ ತಲೆಯೆತ್ತಿ "ಸಾಕು ಅಣ್ಣ" ಅನ್ನಬೇಕು, ಅಣ್ಣ ಕೇಳಿಸಿಕೊಳ್ಳದೆ ಇನ್ನೊಂದು ಹಾಕಬೇಕು. ಪಂಚಪಾತ್ರೆ ಅಲ್ಲಿಗೆ ಮುಗಿಯುತ್ತಿತ್ತು.

ಪುಟ್ಟ ಎರಡೂ ಕೈಯಲ್ಲಿ ಎಲೆ ಮುಚ್ಚಿ, "ಬೇಡ ದೊಡ್ಡಪ್ಪ, ನಂದು ಇವತ್ತಿನ ಕ್ಯಾಲೊರಿ ಮುಗಿದಿದೆ" ಅಂದ.

ದೊಡ್ಡಪ್ಪನ ಕೈಯಲ್ಲಿದ್ದ ಹೋಳಿಗೆ ಹಾಗೇ ನಿಂತಿತು. ಒಮ್ಮೆ ಪುಟ್ಟನನ್ನು, ಒಮ್ಮೆ ತಮ್ಮನನ್ನು ನೋಡಿದರು. "ಸರಿಯಪ್ಪಾ. ನಮ್ಮನೆ ಹೋಳಿಗೆ ಬೇಡ ಅಂತ ಹೇಳಿಕೊಟ್ಟು ಕರಕೊಂಡು ಬಂದಿದಾರೆ" ಅಂದವರೇ ನಮ್ಮ ಸಾಲು ಬಿಟ್ಟು ಎದುರಿನ ಸಾಲಿಗೆ ಹೋದರು. ನಮಗೆ ಯಾರಿಗೂ ಹೋಳಿಗೆ ಇಲ್ಲ! ತುಪ್ಪ ಮಾತ್ರ ಬಂತು. ದೊಡ್ಡಮ್ಮನಿಗೆ ಏನು ಮಾಡಬೇಕೋ ತೋಚದೆ ಬರೀ ಎಲೆಗೆ ಬಡಿಸಿ ಹೋಗಿದ್ದರು.

ಅಲ್ಲಿಂದ ಮುಂದೆ ಅತ್ತೆಯೇ ಅಧಿಕಾರ ಕೈಗೆ ತೆಗೆದುಕೊಂಡರು. ಮುಂದಿನ ಭಾನುವಾರ ಪುಟ್ಟನನ್ನು ಒಬ್ಬನೇ ದೊಡ್ಡಪ್ಪನ ಮನೆಗೆ ಕಳಿಸಿದರು. "ಮಾತಾಡೋಕೆ ಹೋಗಬೇಡ. ಹೋಗಿ ಹಸಿವಾಗ್ತಿದೆ ಅನ್ನು, ಅಷ್ಟು ಸಾಕು" ಅಂತ ಹೇಳಿಕೊಟ್ಟಿದ್ದರು. ಅವನು ಹೋಗಿ ಹಾಗೇ ಅಂದ. ದೊಡ್ಡಮ್ಮ ಬಾಗಿಲಲ್ಲೇ ಕಣ್ಣೊರೆಸಿಕೊಂಡರಂತೆ. ಹೋಳಿಗೆ, ತುಪ್ಪ, ಹಾಲು, ಮೇಲೆ ಮಾವಿನಕಾಯಿ ಚಿತ್ರಾನ್ನ. ಸಂಜೆ ದೊಡ್ಡಪ್ಪನೇ ಸ್ಕೂಟರಿನಲ್ಲಿ ಬಿಡೋಕೆ ಬಂದು, ನಮ್ಮ ಮನೆಯಲ್ಲಿ ಕಾಫಿ ಕುಡಿದು, ಪೇಪರ್ ಓದಿ, ರಾತ್ರಿ ಊಟಕ್ಕೂ ಉಳಿದರು. ಪಂಚಪಾತ್ರೆಯ ಮಾತೇ ಬರಲಿಲ್ಲ. ವಕೀಲರ ಫೀಸು ಉಳಿಯಿತು ಎಂದು ಮಾವ ಆಮೇಲೆ ನನ್ನ ಹತ್ತಿರ ಹೇಳಿದರು. ವಕೀಲರ ತನಕ ಯೋಚನೆ ಹೋಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಆದರೂ ಪುಟ್ಟನಿಗೆ ಬುದ್ಧಿ ಬರಲಿಲ್ಲ. ಹಾಸನದ ಕಡೆ ಹೆಣ್ಣು ನೋಡೋಕೆ ಹೋದಾಗ ಬ್ಯಾಗಿನಲ್ಲಿ ಶೇಕರ್ ಇತ್ತು. ಉಪ್ಪಿಟ್ಟು, ಕೇಸರಿಬಾತು ಬಂತು. ಇವನು "ಸ್ವಲ್ಪ ತಣ್ಣೀರು ಕೊಡ್ತೀರಾ?" ಅಂದ. ಎಲ್ಲರೂ ಗಂಭೀರವಾಗಿ ಕೂತಿದ್ದ ಹಜಾರದಲ್ಲಿ ಗಡಗಡ ಕುಲುಕಿದ. ಹುಡುಗಿಯ ಅಜ್ಜಿ ಅತ್ತೆಯ ಪಕ್ಕಕ್ಕೆ ಜರುಗಿ, "ಎಷ್ಟು ವರ್ಷದಿಂದ ಹೀಗೆ? ಆಪರೇಷನ್ ಆಗಿದೆಯಾ?" ಎಂದು ಕೇಳಿದರು. ಎರಡು ದಿನ ಬಿಟ್ಟು ಮಧ್ಯಸ್ಥರ ಫೋನ್ ಬಂತು. ಹುಡುಗ ಒಳ್ಳೆಯವನೇ, ಆದರೆ ಹೊಟ್ಟೆದು ಏನೋ ಇದೆಯಂತಲ್ಲ.

ನಮಗೆ ತಡವಾಗಿ ತಿಳಿದ ವಿಷಯ ಇನ್ನೊಂದಿದೆ. ಹುಡುಗಿಗೆ ಪೂರ್ತಿ ಒಪ್ಪಿಗೆ ಇತ್ತಂತೆ. ಪ್ರತ್ಯೇಕವಾಗಿ ಮಾತಾಡುವಾಗ ಪುಟ್ಟ, "ನನಗೆ ಅಡುಗೆ ಮಾಡೋ ಅಗತ್ಯನೇ ಇಲ್ಲ" ಅಂದಿದ್ದನಂತೆ. ಇಂಥ ಗಂಡ ಸಿಗೋದು ಅಪರೂಪ ಎಂದು ಅವಳು ಹಟ ಹಿಡಿದಿದ್ದಳು. ಅಜ್ಜಿ ಬಿಡಲಿಲ್ಲ. ನಾನಂತೂ ಆ ಹುಡುಗಿಯ ಪರ.

ಈ ಕಥೆ ಕೇಳಿದ ರಾಯರು ಪುಟ್ಟನನ್ನು ಹಿಡಿದುಕೊಂಡರು. "1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ತಿಂಡಿ ಹೋಗಿದ್ದು ನಮ್ಮ ಮೈಸೂರಿನ ಡಿಎಫ್‌ಆರ್‌ಎಲ್‌ನಿಂದ, ಅದೇ ಸೈನ್ಯದವರ ಆಹಾರದ ಸಂಶೋಧನಾಲಯದಿಂದ. ಮೊನ್ನೆ 2025ರಲ್ಲಿ ಶುಭಾಂಶು ಶುಕ್ಲಾ ಹೋದರಲ್ಲ, ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ತಗೊಂಡು ಹೋಗಿ ಜೊತೆಯವರಿಗೂ ಕೊಟ್ಟು ತಿಂದರು. ಪುಡಿ ಕುಡಿದು ಇರಬಹುದಾದ ಜಾಗ ಅದು. ನೀನು ಹಾಸನದಲ್ಲಿ ಎರಡು ಚಮಚ ಉಪ್ಪಿಟ್ಟು ತಿನ್ನೋಕಾಗಲಿಲ್ವಾ?"

"ಉಪ್ಪಿಟ್ಟು ಆಗಲ್ಲ ಸಾರ್" ಎಂದ ಪುಟ್ಟ. "ಮುಂಚಿನಿಂದಲೂ ಆಗಲ್ಲ." ಇದಕ್ಕೆ ರಾಯರ ಹತ್ತಿರವೂ ಉತ್ತರ ಇರಲಿಲ್ಲ. ಅವರಿಗೂ ಆಗಲ್ಲವಂತೆ.

ಈಗ ಮನೆಯಲ್ಲಿ ಒಂದು ಒಪ್ಪಂದ ಇದೆ. ಮೀಟಿಂಗ್ ಇರುವ ರಾತ್ರಿ ಶೇಕರ್. ಮಿಕ್ಕ ಹೊತ್ತು ಕೆಳಗೆ ಬಂದು ಊಟ. ಯಾರ ಮನೆಗೇ ಹೋದರೂ ಬಡಿಸಿದ್ದನ್ನು ಬೇಡ ಅನ್ನುವ ಹಾಗಿಲ್ಲ. ಡಬ್ಬದ ಮೇಲೆ ಅತ್ತೆ ದಪ್ಪ ಅಕ್ಷರದಲ್ಲಿ "ಪುಟ್ಟನದು, ಬಜ್ಜಿಗಲ್ಲ" ಎಂದು ಬರೆದು ಅಂಟಿಸಿದ್ದಾರೆ.

ಕಳೆದ ವಾರ ಎಲ್ಲರೂ ನಂಜನಗೂಡಿಗೆ ಹೋಗಿದ್ದರು. ನನಗೆ ರಜೆ, ಮನೆಯಲ್ಲಿ ಒಬ್ಬಳೇ. ಕುಕ್ಕರ್ ತೆಗೆಯೋಕೆ ಕೈ ಹೋಯಿತು, ವಾಪಸ್ ಬಂತು. ಡಬ್ಬದಿಂದ ಎರಡು ಚಮಚ ಪುಡಿ ತೆಗೆದು, ತಣ್ಣೀರಿಗೆ ಹಾಕಿ ಚೆನ್ನಾಗಿ ಕುಲುಕಿ, ಸೋಫಾದಲ್ಲಿ ಕಾಲು ಮೇಲೆ ಹಾಕಿಕೊಂಡು ಧಾರಾವಾಹಿ ನೋಡುತ್ತಾ ಕುಡಿದೆ. ಅರ್ಧ ಲೋಟ ಆಗಿತ್ತು, ಅತ್ತೆಯ ಫೋನ್.

"ಊಟಕ್ಕೆ ಏನು ಮಾಡ್ಕೊಂಡೆ?"

"ಅನ್ನ, ತಿಳಿಸಾರು ಅತ್ತೆ."

"ಬರೀ ತಿಳಿಸಾರಾ? ನೆಂಚಿಕೊಳ್ಳೋಕೆ?"

"ಹಪ್ಪಳ ಕರಿದೆ" ಅಂದೆ.