ಫಿಂಗರ್‌ಪ್ರಿಂಟ್ ಅಂಟಿಸಿದ ಮಾತ್ರಕ್ಕೆ ಅದು ಟಿಎಲ್‌ಎಸ್ ರೂಲ್ ಆಗಲ್ಲ

ನೆಟ್‌ವರ್ಕ್ ಟ್ರಾಫಿಕ್ ನೋಡಿ ಅಲರ್ಟ್ ಕೊಡೋ ಸಾಫ್ಟ್‌ವೇರ್ ಸುರಿಕಾಟಾ. ಅದಕ್ಕೆ ಟಿಎಲ್‌ಎಸ್ (ಸಂಪರ್ಕವನ್ನ ಎನ್‌ಕ್ರಿಪ್ಟ್ ಮಾಡೋ ಪ್ರೊಟೊಕಾಲ್) ಸರ್ಟಿಫಿಕೇಟ್ ನೋಡುವ ರೂಲ್ ಬರೀರಿ ಅಂದ್ರೆ ಮುಕ್ಕಾಲು ಜನ ಎಲ್ಲಿಂದಲೋ ಒಂದು ಎಸ್‌ಎಚ್‌ಎ-1 ಫಿಂಗರ್‌ಪ್ರಿಂಟ್ (ಕೆಟ್ಟ ಸರ್ಟಿಫಿಕೇಟ್‌ನ ಗುರುತಿನ ಹ್ಯಾಶ್) ತಂದು ಅಂಟಿಸ್ತಾರೆ. ಅಂಥ ಫಿಂಗರ್‌ಪ್ರಿಂಟ್ ಪಟ್ಟಿಗಳು ಇರಲಿ, ಬೇಡ ಅನ್ನಲ್ಲ. ಆದರೆ ಓಪನ್‌ಎಸ್‌ಎಸ್‌ಎಲ್ ಅನ್ನೋ ಟೂಲ್‌ನಲ್ಲಿ ಹೊಸ ಸರ್ಟಿಫಿಕೇಟ್ ಹುಟ್ಟಿಸೋಕೆ ಒಂದೇ ಕಮಾಂಡ್ ಸಾಕು. ಹ್ಯಾಶ್ ಬದಲಾಯ್ತು, ರೂಲ್ ಮೂಕಾಯ್ತು.

ಅಷ್ಟು ಬೇಗ ಬದಲಾಗದೇ ಇರೋದು ದಾಳಿಕೋರರ ಸೋಮಾರಿತನ. ದಾಳಿಕೋರರೂ ಬಳಸೋ ಹ್ಯಾಕಿಂಗ್ ಟೂಲ್ ಕೋಬಾಲ್ಟ್ ಸ್ಟ್ರೈಕ್‌ನ ಡಿಫಾಲ್ಟ್ ಸರ್ಟಿಫಿಕೇಟ್ ನೋಡಿ: ಊರು 'ಸಮ್‌ವೇರ್', ರಾಜ್ಯ 'ಸೈಬರ್‌ಸ್ಪೇಸ್', ದೇಶ 'ಅರ್ಥ್'. ದೇಶದ ಜಾಗದಲ್ಲಿ ಇರಬೇಕಾದ್ದು ಎರಡೇ ಅಕ್ಷರ. ಇಲ್ಲಿ ಇಡೀ ಭೂಮಂಡಲವೇ ಕೂತಿದೆ! ಸಬ್ಜೆಕ್ಟ್‌ನಲ್ಲಿ (ಸರ್ಟಿಫಿಕೇಟ್ ಯಾರದ್ದು ಅಂತ ಹೇಳೋ ಭಾಗ) ಇದನ್ನ ಹುಡುಕಿದರೆ ಸುಳ್ಳು ಅಲರ್ಟ್ ಬರೋದು ಅಪರೂಪ. ಇದರ ಸೀರಿಯಲ್ ನಂಬರ್ 146473198. ರೂಲ್‌ನಲ್ಲಿ ಹೀಗೇ ಬರೆದರೆ ಎಂದಿಗೂ ಮ್ಯಾಚ್ ಆಗಲ್ಲ. ಹೆಕ್ಸ್‌ನಲ್ಲಿ, ಎರಡೆರಡು ಅಂಕಿಗೆ ಕೋಲನ್ ಹಾಕಿ ಕೊಡಬೇಕು: 08:ಬಿಬಿ:00:ಇಇ.

ಸರ್ಟಿಫಿಕೇಟ್ ಮಾಡುವಾಗ ಓಪನ್‌ಎಸ್‌ಎಸ್‌ಎಲ್ ಕೇಳೋ ಪ್ರಶ್ನೆಗಳಿಗೆಲ್ಲ ಬರೀ ಎಂಟರ್ ಒತ್ತಿದರೆ ಉಳಿಯೋ 'ಇಂಟರ್ನೆಟ್ ವಿಡ್ಜಿಟ್ಸ್ ಪಿಟಿವೈ ಎಲ್‌ಟಿಡಿ' ಅನ್ನೋ ಡಿಫಾಲ್ಟ್ ಸಂಸ್ಥೆ ಹೆಸರು ಕೂಡ ಒಳ್ಳೆ ಸುಳಿವೇ. ಆದರೆ ಎಂಟರ್ ಒತ್ತೋ ಚಟ ಪ್ರಾಮಾಣಿಕ ಅಡ್ಮಿನ್‌ಗಳಿಗೂ ಇದೆ. ಹಾಗಾಗಿ ಈ ರೂಲ್‌ನ ಪ್ರಯಾರಿಟಿ ಕಡಿಮೆ ಇಡಿ, ಹೊರಗಿನ ಸರ್ವರ್‌ಗಳಿಗೆ ಮಾತ್ರ ಸೀಮಿತ ಮಾಡಿ.

ಅತಿ ಹೆಚ್ಚು ಎಡವೋದು ರೂಲ್‌ನ ಬಾಣದ ದಿಕ್ಕಿನಲ್ಲಿ. ಕನೆಕ್ಷನ್ ಶುರು ಮಾಡೋದು ನಮ್ಮ ಯಂತ್ರ ಅಂತ ಹೋಮ್ ನೆಟ್‌ನಿಂದ (ನಮ್ಮ ನೆಟ್‌ವರ್ಕ್) ಎಕ್ಸ್‌ಟರ್ನಲ್ ನೆಟ್‌ಗೆ (ಹೊರಗಿನದು) ಬಾಣ ಹಾಕ್ತಾರೆ. ಸರ್ಟಿಫಿಕೇಟ್ ಬರೋದು ಸರ್ವರ್ ಕಡೆಯಿಂದ. ಬಾಣ ಎಕ್ಸ್‌ಟರ್ನಲ್‌ನಿಂದ ಹೋಮ್‌ಗೆ ಇರಬೇಕು. ಆಗ ಸೋರ್ಸ್ ಅಂದ್ರೆ ಸರ್ವರ್. ನಮ್ಮ ಒಂದೊಂದು ಯಂತ್ರಕ್ಕೆ ಗಂಟೆಗೆ ಒಂದೇ ಅಲರ್ಟ್ ಸಾಕು ಅಂದ್ರೆ ಥ್ರೆಶೋಲ್ಡ್‌ನಲ್ಲಿ ಲಿಮಿಟ್, ಕೌಂಟ್ 1, ಸೆಕೆಂಡ್ಸ್ 3600 ಕೊಟ್ಟು, ಟ್ರ್ಯಾಕ್ ಮಾಡೋದನ್ನ 'ಬೈ ಡೆಸ್ಟಿನೇಶನ್'ಗೆ ಬದಲಿಸಿ.

ಇನ್ನೊಂದು, ಸಬ್ಜೆಕ್ಟ್‌ನಲ್ಲಿ ಸರ್ವರ್ ಹೆಸರು ಬರೋ ಜಾಗವಾದ ಕಾಮನ್ ನೇಮ್ 'ಲೋಕಲ್‌ಹೋಸ್ಟ್' ಅಂತ ಹುಡುಕಿದರೆ 'ಲೋಕಲ್‌ಹೋಸ್ಟ್ ಡಾಟ್ ಲೋಕಲ್‌ಡೊಮೈನ್' ಕೂಡ ಬಲೆಗೆ ಬೀಳತ್ತೆ. 'ಎಂಡ್ಸ್‌ವಿತ್' (ಹುಡುಕೋ ಪದ ಕೊನೆಯಲ್ಲಿದ್ದರೆ ಮಾತ್ರ ಮ್ಯಾಚ್) ಹಾಕಿ ಅಂತಾರೆ. ಹಾಕಿ, ಆದರೆ ಆ ಸಬ್ಜೆಕ್ಟ್‌ನಲ್ಲಿ ಕಾಮನ್ ನೇಮ್ ಕೊನೆಗೇ ಇದೆಯಾ ಅಂತ ಮೊದಲು ನೋಡಿ. ಕ್ರಮ ಎಲ್ಲಾ ಸರ್ಟಿಫಿಕೇಟ್‌ನಲ್ಲೂ ಒಂದೇ ಅಲ್ಲ.

ಸುರಿಕಾಟಾದ ಟೆಸ್ಟ್ ಮೋಡ್ ಪಾಸಾಯ್ತು ಅಂದ್ರೆ ಸಿಂಟ್ಯಾಕ್ಸ್ ಸರಿ ಇದೆ ಅಂತ ಅಷ್ಟೇ. ರೂಲನ್ನ ಪಿಕ್ಯಾಪ್ (ಹಿಡಿದಿಟ್ಟ ಟ್ರಾಫಿಕ್‌ನ ಫೈಲ್) ಮೇಲೆ ಓಡಿಸಿ, ಅದರಲ್ಲಿ ಹ್ಯಾಂಡ್‌ಶೇಕ್ (ಸಂಪರ್ಕ ಶುರುವಿನ ಮಾತುಕತೆ) ಪೂರ್ತಿ ಇರಲಿ. ಹಳೇ ಸೆಷನ್ ಮುಂದುವರಿಸಿದ ಕನೆಕ್ಷನ್‌ನಲ್ಲಿ ಸರ್ಟಿಫಿಕೇಟ್ ಮತ್ತೆ ಬರೋದೇ ಇಲ್ಲ. ಚೆಕ್‌ಸಮ್ ಆಫ್‌ಲೋಡ್ (ಪ್ಯಾಕೆಟ್‌ನ ಚೆಕ್‌ಸಮ್ ಲೆಕ್ಕವನ್ನ ನೆಟ್‌ವರ್ಕ್ ಕಾರ್ಡ್‌ಗೆ ಬಿಡೋದು) ಇರೋ ಯಂತ್ರದಲ್ಲಿ ಹಿಡಿದ ಪಿಕ್ಯಾಪ್ ಆದರೆ ಚೆಕ್‌ಸಮ್ ಪರೀಕ್ಷೆ ಆಫ್ ಮಾಡಿ. ಇಲ್ಲದಿದ್ದರೆ ಸರಿಯಿರೋ ರೂಲ್ ತಿದ್ದುತ್ತಾ ಕೂರ್ತೀರಿ.

ಇಷ್ಟೆಲ್ಲ ಹೇಳಿದ್ದು ಟಿಎಲ್‌ಎಸ್ 1.2ರ ವರೆಗಿನ ಮಾತು. 2018ರಲ್ಲಿ ಬಂದ 1.3ರಲ್ಲಿ ಸರ್ಟಿಫಿಕೇಟೇ ಎನ್‌ಕ್ರಿಪ್ಟ್ ಆಗಿ ಹೋಗತ್ತೆ. ಡಿಕ್ರಿಪ್ಟ್ ಮಾಡೋ ಪ್ರಾಕ್ಸಿ ಇಲ್ಲದಿದ್ದರೆ ರೂಲ್ ಎರರ್ ಕೊಡಲ್ಲ, ಸುಮ್ಮನಿರತ್ತೆ. ನೀವು 'ನೆಟ್‌ವರ್ಕ್ ಕ್ಲೀನ್' ಅಂತ ವರದಿ ಬರೀತೀರಿ. ಅದಕ್ಕೇ ರೂಲ್ ಬರೆಯೋ ಮುಂಚೆ ಸುರಿಕಾಟಾದ ಈವ್ ಲಾಗ್‌ನ ಟಿಎಲ್‌ಎಸ್ ದಾಖಲೆಗಳಲ್ಲಿ ವರ್ಷನ್ ಎಣಿಸಿ. 1.3 ಜಾಸ್ತಿ ಇದ್ರೆ ಎಸ್‌ಎನ್‌ಐ (ಕ್ಲೈಂಟ್ ಕೇಳೋ ಸರ್ವರ್ ಹೆಸರು) ಮತ್ತು ಜೆಎ3 (ಕ್ಲೈಂಟ್‌ನ ಟಿಎಲ್‌ಎಸ್ ಫಿಂಗರ್‌ಪ್ರಿಂಟ್) ಮೇಲೆ ಸಮಯ ಹಾಕಿ.